ಕಾಮೋಠೆಯ ಬಾಗಿಲಲ್ಲಿ ಕಟ್ಟಿದ್ದ ತೆನೆ

ಕಾಮೋಠೆಯಲ್ಲಿ ಮಾರಾಟಕ್ಕಿದೆ ಎಂದು ತೋರಿಸಲು ನಮ್ಮನ್ನು ಕರೆದುಕೊಂಡು ಹೋದ ಮನೆಯ ಹೊಸ್ತಿಲಲ್ಲಿ ಆಗತಾನೇ ಹಾಕಿದ ರಂಗೋಲಿ ಇತ್ತು. ಬಾಗಿಲ ಹಿಡಿಕೆಯಲ್ಲಿ ಹಾಲಿನ ಚೀಲ ನೇತಾಡುತ್ತಿತ್ತು. ಒಳಗೆ ಕುಕ್ಕರು ಸೀಟಿ ಹೊಡೆಯಿತು. ಬಾಗಿಲ ಪಕ್ಕದ ಗೋಡೆಗೆ ಬ್ಯಾಂಕಿನವರು ಅಂಟಿಸಿದ ಹರಾಜಿನ ನೋಟೀಸು, ಅದರ ಮುಕ್ಕಾಲು ಪಾಲು ಮುಚ್ಚುವ ಹಾಗೆ ಗಣಪತಿಯ ಒಂದು ಕ್ಯಾಲೆಂಡರು. ನಾನು, ನನ್ನ ಗಂಡ ಸುಧಾಕರ ಮತ್ತು ಮನೆ ಹುಡುಕಿಕೊಡುವ ವಾಸಣ್ಣ, ಮೂವರೂ ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತೆವು.

“ಇಷ್ಟೇ ನೋಡ್ಲಿಕ್ಕೆ ಆಗುದು,” ಎಂದರು ವಾಸಣ್ಣ ಮೆಲ್ಲಗೆ. “ಒಳಗೆ ಹೋಗ್ಲಿಕ್ಕಿಲ್ಲ. ಸಾಲ ತೆಗೊಂಡವ್ರು ಒಳಗೇ ಇದ್ದಾರೆ. ಬ್ಯಾಂಕಿನ ಕೈಯಲ್ಲಿ ಇರುದು ಕಾಗದದ ಪೊಸೆಶನ್ ಮಾತ್ರ.”

ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬರಬಹುದು. ನಮ್ಮ ಕಾರ್ಕಳದ ಕಡೆ ಒಂದು ಮನೆ ಕೊಳ್ಳುವುದೆಂದರೆ ಬಾವಿಯ ನೀರು ಕುಡಿದು ನೋಡಬೇಕು, ಅಟ್ಟ ಹತ್ತಿ ಮಾಡಿನ ಮರದ ಪಕ್ಕಾಸು ತಟ್ಟಬೇಕು, ನೆರೆಮನೆಯವರ ಬಳಿ ಅರ್ಧ ದಿನ ಪಟ್ಟಾಂಗ ಹೊಡೆದು ಒಳಗುಟ್ಟು ತಿಳಿಯಬೇಕು. ಇಲ್ಲಿ ಜೀವಮಾನದ ಉಳಿತಾಯ ಸುರಿಯುವ ಮನೆಯ ಬಾಗಿಲ ಬಣ್ಣವನ್ನಷ್ಟೇ ನೋಡಿ ಮನಸ್ಸು ಮಾಡಬೇಕು. ನೋಟೀಸಿನಲ್ಲಿ ಅದಕ್ಕೆ ಒಂದು ವಾಕ್ಯವೂ ಇರುತ್ತದೆ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ಅಂದರೆ ನಾಳೆ ಏನೇ ಎಡವಟ್ಟಾದರೂ ನಮ್ಮನ್ನು ಕೇಳಬೇಡಿ ಎಂದು ಅರ್ಥ.

ನಾವು ಆ ಬಾಗಿಲಿನ ತನಕ ಬಂದ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ಸುಧಾಕರ ಠಾಣೆಯ ನೌಪಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ನಾನು ಮದುವೆಯಾಗಿ ಬಂದು ಕೆಲವು ವರ್ಷಗಳ ನಂತರ ರಬಾಳೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಇರುವುದು ಡೊಂಬಿವಲಿಯಲ್ಲಿ, ಬಾಡಿಗೆಗೆ. ಬಾಡಿಗೆಯ ಕರಾರು ಇಲ್ಲಿ ಹನ್ನೊಂದು ತಿಂಗಳಿಗೆ. ಹನ್ನೆರಡನೆಯ ತಿಂಗಳು ಬಂದರೆ ಬಾಡಿಗೆದಾರನಿಗೆ ಎಲ್ಲಿ ಹಕ್ಕು ಹುಟ್ಟಿಬಿಡುತ್ತದೋ ಎಂದು ಮಾಲೀಕರಿಗೆ ಹೆದರಿಕೆ. ಹಾಗಾಗಿ ಕರಾರು ಮುಗಿಯುವ ಹೊತ್ತಿಗೆ ಒಂದೋ ಬಾಡಿಗೆ ಏರುತ್ತದೆ, ಇಲ್ಲವೇ ನಮ್ಮ ಪಾತ್ರೆ ಪರಡಿ ಟೆಂಪೋ ಏರುತ್ತವೆ.

ಮನೆ ಬದಲಿಸುವ ಕಷ್ಟ ನನಗೆ ಅಷ್ಟು ದೊಡ್ಡದಲ್ಲ. ನನ್ನ ಸಂಕಟ ತೆನೆಯದು. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹೊಸ ಪೈರು ಬಂದಾಗ ಭತ್ತದ ತೆನೆಯನ್ನು ಮಾವಿನ ಎಲೆ, ಹಲಸಿನ ಎಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು ಮನೆಯ ಬಾಗಿಲಿಗೆ ಕಟ್ಟುತ್ತೇವೆ. ತುಳುವಿನಲ್ಲಿ ಅದಕ್ಕೆ ಕುರಲ್ ಎನ್ನುತ್ತಾರೆ. ಒಮ್ಮೆ ಕಟ್ಟಿದರೆ ಮುಂದಿನ ವರ್ಷ ಹೊಸ ತೆನೆ ಬರುವ ತನಕ ಅದನ್ನು ಬಿಚ್ಚುವಂತಿಲ್ಲ. ಊರಿನಿಂದ ನನ್ನ ಅಣ್ಣ ಪ್ರತಿ ವರ್ಷ ರಾತ್ರಿ ಬಸ್ಸಿನಲ್ಲಿ ತೆನೆ ಕಳಿಸುತ್ತಾನೆ. ಆದರೆ ನಮ್ಮ ಬಾಗಿಲು ವರ್ಷ ತುಂಬುವ ಮೊದಲೇ ಬೇರೆಯವರದಾಗುತ್ತದೆ. ಒಂದು ಸಲ ಬಿಚ್ಚಿದ ತೆನೆಯನ್ನು ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅಳು ಬಂತು. ಆಮೇಲಿಂದ ನಾನು ಜಾಣೆಯಾದೆ. ಬಾಗಿಲಿಗೆ ಕಟ್ಟುವುದನ್ನು ಬಿಟ್ಟು ಫ್ರಿಜ್ಜಿನ ಹಿಡಿಕೆಗೆ ಕಟ್ಟತೊಡಗಿದೆ. ಫ್ರಿಜ್ಜು ನಮ್ಮದೇ ತಾನೆ, ಹೋದಲ್ಲಿಗೆ ಬರುತ್ತದೆ. ಮಗಳು ಅನಘಾಳ ಗೆಳತಿಯರು ಬಂದು ಅದೇನೆಂದು ಕೇಳಿದರೆ ಅವಳು ಹಿಂದಿಯಲ್ಲಿ ಏನೋ ಹೇಳಿ ನಗುತ್ತಾಳೆ. ಕನ್ನಡ, ತುಳು ಎರಡೂ ಅವಳಿಗೆ ತಿಳಿಯುತ್ತದೆ, ಬಾಯಿಂದ ಮಾತ್ರ ಹೊರಡುವುದಿಲ್ಲ.

ಹೀಗೆ ನನಗೆ ಬೇಕಾಗಿದ್ದದ್ದು ತೆನೆ ಕಟ್ಟಲು ಒಂದು ಸ್ವಂತ ಬಾಗಿಲು. ಸರಿಯಾದ ಬೆಲೆಗೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆಗ ಸಿಕ್ಕಿದವರು ವಾಸಣ್ಣ. ಹಿಂದೆ ಹೋಟೆಲಿನಲ್ಲಿದ್ದವರು, ಈಗ ಸಾಲ ತೀರಿಸಲಾಗದವರಿಂದ ಬ್ಯಾಂಕುಗಳು ವಶಪಡಿಸಿಕೊಂಡು ಹರಾಜಿಗಿಡುವ ಮನೆಗಳನ್ನು ಗಿರಾಕಿಗಳಿಗೆ ತೋರಿಸುತ್ತಾರೆ. ಅಂಥ ಮನೆಗಳು ಪೇಟೆಯ ದರಕ್ಕಿಂತ ಅಗ್ಗ ಎಂದು ಅವರೇ ನಮಗೆ ಆಸೆ ಹುಟ್ಟಿಸಿದ್ದು.

ಅಗ್ಗ ಎಂಬ ಮಾತಿನ ಹಿಂದೆ ನಾವು ಅಲೆದದ್ದು ಅಷ್ಟಿಷ್ಟಲ್ಲ. ಕಲ್ಯಾಣದಲ್ಲಿ ಒಂದು ಮನೆ ಕಂಡೆವು. ಬೆಲೆ ಕೇಳಿ ಸುಧಾಕರನ ಮುಖ ಅರಳಿತು, ಆದರೆ ಕಟ್ಟಡಕ್ಕೆ ಪಾಲಿಕೆಯ ಪರವಾನಗಿ ಇದೆಯೋ ಇಲ್ಲವೋ ಎಂದು ಯಾರಿಗೂ ಖಚಿತವಿರಲಿಲ್ಲ. ಡೊಂಬಿವಲಿಯಲ್ಲಿ ಕಂಡದ್ದರಲ್ಲಿ ಒಬ್ಬ ಬಾಡಿಗೆದಾರ ಬೇರು ಬಿಟ್ಟು ಕೂತಿದ್ದ. ಠಾಣೆಯಲ್ಲಿ ಕಂಡದ್ದು ಎಷ್ಟು ಇಳಿಸಿದರೂ ನಮ್ಮ ಕೈಗೆ ಎಟುಕುತ್ತಿರಲಿಲ್ಲ. “ಇದು ಒಳ್ಳೆಯ ವ್ಯಾಪಾರವೋ ಅಲ್ಲವೋ ಸರಿಯಾಗಿ ಹೇಳಿ ವಾಸಣ್ಣ,” ಎಂದರೆ ಅವರದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ.

“ಲಫಡಾ ಇಲ್ಲದ ಮನೆ ಅಗ್ಗಕ್ಕೆ ಸಿಗುದಿಲ್ಲ ಅಕ್ಕ. ನಮಗೆ ತಡಕೊಳ್ಳುವಂಥ ಲಫಡಾ ಯಾವುದು ಅಂತ ನಾವೇ ನೋಡ್ಕೊಳ್ಬೇಕು.”

ಲಫಡಾ ಎಂದರೆ ತಕರಾರು. ಈ ಊರು ನನಗೆ ಕಲಿಸಿದ ಮೊದಲ ಮಾತುಗಳಲ್ಲಿ ಅದೂ ಒಂದು. ಇನ್ನೊಂದು, ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ದಿನವೂ ಕೇಳುವ ‘ಕುಠೇ ಉತರಣಾರ್?’ ಎಲ್ಲಿ ಇಳಿಯುತ್ತೀರಿ ಎಂದು ಅರ್ಥ. ಊರಿನಲ್ಲಿ ‘ಎಲ್ಲಿಗೆ ಹೊರಟದ್ದು?’ ಎಂದು ಕೇಳುವುದು ಮಾತು ಬೆಳೆಸಲಿಕ್ಕೆ. ಇಲ್ಲಿ ಕೇಳುವುದು ನೀನು ಎದ್ದ ಮೇಲೆ ನಿನ್ನ ಸೀಟು ನನಗೆ ಎಂದು ಗೊತ್ತುಮಾಡಿಕೊಳ್ಳಲಿಕ್ಕೆ. ಮೊದಮೊದಲು ಯಾರೋ ನನ್ನ ಮೇಲೆ ಅಕ್ಕರೆ ತೋರಿಸುತ್ತಿದ್ದಾರೆಂದು ತಿಳಿದು ಊರು, ತವರು ಎಲ್ಲ ಹೇಳಲು ಹೊರಟಿದ್ದೆ. ಈಗ ನಾನೇ ಡಬ್ಬಿ ಹತ್ತಿದ ಕೂಡಲೇ ಕಂಡವರನ್ನು ಹಾಗೆ ಕೇಳುತ್ತೇನೆ, ಸೀಟು ಹಿಡಿಯುತ್ತೇನೆ. ಅದು ನನ್ನ ಒಂದು ಸಣ್ಣ ಗೆಲುವು.

ಕಾಮೋಠೆಯ ಆ ಬಾಗಿಲಿಗೆ ಬರುತ್ತೇನೆ. ವಾಸಣ್ಣ ಮೊದಲೇ ಹೇಳಿದ್ದರು, ಒಳಗಿನವರ ಜೊತೆ ಮಾತಿಗಿಳಿಯಬಾರದು ಎಂದು. ನಾನು ಸುಮ್ಮನೆ ಇರುತ್ತಿದ್ದೆನೋ ಏನೋ. ಆದರೆ ಕಣ್ಣೆತ್ತಿದಾಗ ಬಾಗಿಲ ಚೌಕಟ್ಟಿನ ಮೇಲ್ಗಡೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ತೆನೆ ಕಂಡಿತು. ಸುತ್ತಿದ ಮಾವಿನ ಎಲೆ, ಹಲಸಿನ ಎಲೆ, ಬಿಗಿದ ನಾರು. ನನ್ನ ಅಣ್ಣ ಕಟ್ಟುವ ಹಾಗೆಯೇ ಕಟ್ಟಿದ್ದರು. ಇಷ್ಟು ದೂರ ಬಂದು ಹರಾಜಿಗೆ ಬಿದ್ದ ಮನೆ ನೋಡಲು ನಿಂತರೆ ಅದು ನಮ್ಮವರ ಮನೆ. ನಾನು ಬೆಲ್ ಒತ್ತಿಬಿಟ್ಟೆ. ವಾಸಣ್ಣ “ಅಯ್ಯೋ ಅಕ್ಕ” ಎಂದು ಕೈ ಹಿಡಿಯಲು ಬಂದರು, ಹೊತ್ತು ಮೀರಿತ್ತು.

ಬಾಗಿಲು ತೆರೆದವರು ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಸೌಟು ಇತ್ತು. ನಮ್ಮನ್ನು ನೋಡಿದ ಕೂಡಲೇ ಅವರಿಗೆ ಯಾಕೆ ಬಂದವರೆಂದು ಗೊತ್ತಾಯಿತು. ಮುಖ ಗಂಟಿಕ್ಕಿತು. ನಾನು ತೆನೆಯತ್ತ ಬೆರಳು ತೋರಿಸಿ “ಊರು ಓಲು?” ಎಂದೆ. ಊರು ಯಾವುದೆಂದು ತುಳುವಿನಲ್ಲಿ ಕೇಳಿದ್ದು. ಇದು ನಮ್ಮವರಿಗೆ ಮಾತ್ರ ಇರುವ ರೋಗ. ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕೋ ಅಲ್ಲಿಯೇ ಊರು ಕೇಳಿ ನೆಂಟಸ್ತನ ಹುಡುಕುತ್ತೇವೆ.

ಅವರು ತಲೆಯೆತ್ತಿ ತೆನೆಯನ್ನು ನೋಡಿದರು. ಆಮೇಲೆ “ಕಾಪು,” ಎಂದರು. ಮತ್ತೆ, ಬೇರೆ ದಾರಿಯಿಲ್ಲ ಎಂಬಂತೆ, “ಉಲಾಯಿ ಬಲೆ,” ಎಂದರು. ಒಳಗೆ ಬನ್ನಿ ಎಂದರ್ಥ. ವಾಸಣ್ಣ ಫೋನು ಬಂದವರಂತೆ ಕೆಳಗಿಳಿದು ಹೋದರು.

ಅವರ ಹೆಸರು ವಿಜಯಕ್ಕ. ನಮ್ಮನ್ನು ಕೂರಿಸಿ ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ಉಂಡೆ ತಂದಿಟ್ಟರು. ನಮ್ಮೂರಿನಲ್ಲಿ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಸುಧಾಕರ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಾಯಿಗೆ ಹಾಕಿಕೊಳ್ಳದಿದ್ದರೆ ಅವಮಾನ. ಹಾಕಿಕೊಂಡರೆ? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದಾರೆ, ನಾವು ಬಂದದ್ದೇ ಜಂತೆ ಎಣಿಸಲಿಕ್ಕೆ. ಬೆಲ್ಲ ಕಚ್ಚಿ ನೀರು ಕುಡಿದೆವು.

ಒಳಕೋಣೆಯ ಬಾಗಿಲು ಮುಚ್ಚಿತ್ತು, ಟಿವಿಯ ಸದ್ದು ಬರುತ್ತಿತ್ತು. “ಅವ್ರು ಹೊರಗೆ ಬರುದಿಲ್ಲ, ಎಂತ ಅಂದ್ಕೊಳ್ಬೇಡಿ,” ಎಂದರು ವಿಜಯಕ್ಕ ತಮ್ಮ ಗಂಡನ ಬಗ್ಗೆ. ಅವರದೊಂದು ಸಣ್ಣ ಹೋಟೆಲಿತ್ತಂತೆ. ಅದನ್ನು ದೊಡ್ಡದು ಮಾಡಲು ಈ ಮನೆಯ ಮೇಲೆ ಸಾಲ ತೆಗೆದರಂತೆ. ಹೋಟೆಲು ಮುಚ್ಚಿತು, ಸಾಲ ಉಳಿಯಿತು. ಇಷ್ಟನ್ನು ಅವರು ಅನ್ನಕ್ಕೆ ನೀರು ಎಷ್ಟಿಡಬೇಕೆಂದು ಹೇಳುವವರಂತೆ ಹೇಳಿದರು.

ಆಮೇಲೆ ತಾವಾಗಿಯೇ ಮನೆಯ ವಿಷಯ ತೆಗೆದರು. “ಊರಿನವ್ರು ಅಂತ ಹೇಳ್ತೇನೆ. ಬಿಲ್ಡಿಂಗಿನ ಸೊಸೈಟಿಗೆ ಕೊಡ್ಲಿಕ್ಕೆ ಬಾಕಿ ಉಂಟು, ಅದು ನಿಮ್ಮ ತಲೆಗೆ ಬರ್ತದೆ. ಮತ್ತೆ ಬೆಡ್‌ರೂಮಿನ ಆಚೆ ಗೋಡೆ, ಕಪಾಟು ಇಟ್ಟದ್ದುಂಟಲ್ಲ, ಅದರ ಹಿಂದೆ. ಮಳೆಗಾಲದಲ್ಲಿ ನೀರು ಇಳೀತದೆ. ಎಷ್ಟು ಸಲ ರಿಪೇರಿ ಮಾಡಿದ್ರೂ ನಿಲ್ಲುದಿಲ್ಲ. ನಾಲ್ಕು ತಿಂಗಳು ಬಕೆಟ್ ಇಟ್ಟೇ ಮಲಗ್ಬೇಕು.”

“ಹೊರಗಿನ ಗೋಡೆಯಿಂದ್ಲಾ, ಮೇಲಿನ ಮನೆಯಿಂದ್ಲಾ?” ಎಂದು ಸುಧಾಕರ ಕೇಳಿದರು.

“ಯಾರಿಗೆ ಗೊತ್ತು ಮಾರಾಯ್ರೆ. ನೀರು ಬರ್ತದೆ ಅಷ್ಟೇ.”

ಹೊರಡುವಾಗ ಅಡುಗೆಮನೆಯ ಕಿಟಕಿಯತ್ತ ನನ್ನ ಕಣ್ಣು ಹೋಯಿತು. ಅದನ್ನು ಕಂಡು ವಿಜಯಕ್ಕ, “ಅಲ್ಲಿ ಸಂಜೆ ಒಳ್ಳೆ ಗಾಳಿ ಬರ್ತದೆ,” ಎಂದರು. ಹೇಳಿದ ಮೇಲೆ ಹೇಳಬಾರದಿತ್ತು ಎಂಬಂತೆ ತುಟಿ ಬಿಗಿದುಕೊಂಡರು.

ಕೆಳಗೆ ವಾಸಣ್ಣ ಸಿಟ್ಟಿನಲ್ಲಿದ್ದರು. “ಅದಕ್ಕೇ ಹೇಳಿದ್ದು ಮಾತಾಡ್ಲಿಕ್ಕೆ ಹೋಗ್ಬೇಡಿ ಅಂತ. ಮನೆ ಬಿಡ್ಲಿಕ್ಕೆ ಮನಸ್ಸಿಲ್ಲದವ್ರು ಸೋರ್ತದೆ ಅಂತಾರೆ, ಭೂತ ಉಂಟು ಅಂತಾರೆ. ಬಂದವ್ರನ್ನು ಓಡಿಸ್ಲಿಕ್ಕೆ.”

“ಇವರು ಹಾಗಲ್ಲ,” ಎಂದೆ ನಾನು.

“ನಿಮಗೆ ಹೇಗೆ ಗೊತ್ತು?”

ಬಾಗಿಲಲ್ಲಿ ತೆನೆ ಉಂಟಲ್ಲ ಎಂದು ಹೇಳಲು ಹೋಗಿ ಬಾಯಿ ಮುಚ್ಚಿದೆ. ಅದನ್ನು ಸಾಕ್ಷಿ ಎಂದು ಹೇಳುವಷ್ಟು ಪೆದ್ದಿ ನಾನಲ್ಲ, ಆದರೂ ಮನಸ್ಸಿನಲ್ಲಿ ಅದೇ ಸಾಕ್ಷಿಯಾಗಿ ಕೂತಿತ್ತು.

ಆ ಮೇಲಿನ ದಿನಗಳಲ್ಲಿ ನಮಗೆ ಬೇರೆ ಮಾತಿರಲಿಲ್ಲ. ಊರಿನವರೆಂಬ ಪ್ರೀತಿಯಿಂದ ದೋಷ ಹೇಳಿದರೋ, ನಮ್ಮನ್ನು ಅಟ್ಟಲು ಹೇಳಿದರೋ? ಬಿರುಬೇಸಗೆಯಲ್ಲಿ ಸೋರುವ ಗೋಡೆಯನ್ನು ಪರೀಕ್ಷಿಸುವುದು ಹೇಗೆ? ಸುಧಾಕರ ಸೊಸೈಟಿಯ ಕಾರ್ಯದರ್ಶಿಯನ್ನು ಕಂಡು ಬಂದರು. ಬಾಕಿ ಇರುವುದು ನಿಜ, ವಿಜಯಕ್ಕ ಹೇಳಿದ ಹಾಗೆಯೇ. ಗೋಡೆಯ ವಿಷಯ ತನಗೆ ಗೊತ್ತಿಲ್ಲ, ಪ್ರತಿ ಮನೆಯ ಒಳಗೋಡೆ ನೋಡಲು ತನಗೇನು ಕೆಲಸವಿಲ್ಲವೇ ಎಂದನಂತೆ ಅವನು. ಒಂದು ಮಾತು ನಿಜವಾದರೆ ಇನ್ನೊಂದೂ ನಿಜವಿರಬೇಕಲ್ಲ ಎಂದು ನನ್ನ ವಾದ. ನಿಜದ ಜೊತೆ ಬೆರೆಸಿದ ಸುಳ್ಳೇ ಚೆನ್ನಾಗಿ ಇಳಿಯುವುದು ಎಂದು ಸುಧಾಕರನ ವಾದ, ಹೋಟೆಲಿನವರಿಗೆ ಬೆರಕೆಯ ವಿಷಯ ಗೊತ್ತಿರುತ್ತದೆ. ಮರುದಿನ ಇಬ್ಬರೂ ವಾದ ಅದಲುಬದಲು ಮಾಡಿಕೊಂಡೆವು. ಅವರು ನಂಬಿದರು, ನನಗೆ ಅನುಮಾನ ಬಂತು. ಅನಘಾ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದಳು. “ಬಾರಿಶ್ ತಕ್ ರುಕ್ ಜಾವೋ ನಾ,” ಎಂದಳು. ಮಳೆ ಬರುವ ತನಕ ಕಾಯಿರಿ ಎಂಬುದು ಸರಿಯಾದ ಬುದ್ಧಿಮಾತೇ. ಹರಾಜು ಮಾತ್ರ ಮಳೆಗೆ ಕಾಯುವುದಿಲ್ಲ.

ಕೊನೆಗೆ ಸೋರುತ್ತದೆ ಎಂದೇ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದೆವು. ರಿಪೇರಿಯ ಖರ್ಚು, ಸೊಸೈಟಿಯ ಬಾಕಿ ಎರಡನ್ನೂ ಸೇರಿಸಿದರೂ ನಮಗೆ ನಿಲುಕುವಂತಿತ್ತು. ಕಾಮೋಠೆಯಿಂದ ನನಗೆ ರಬಾಳೆಗೆ, ಸುಧಾಕರನಿಗೆ ಠಾಣೆಗೆ ಒಂದೇ ರೈಲು, ನಡುವೆ ಹತ್ತಿ ಇಳಿಯಬೇಕಾಗಿಲ್ಲ. ಇಷ್ಟೆಲ್ಲ ಕಾರಣ ಹೇಳಿಕೊಂಡೆವು. ನನ್ನ ಕಣ್ಣ ಮುಂದೆ ಇದ್ದದ್ದು ಆ ಬಾಗಿಲ ಚೌಕಟ್ಟು.

ನಮ್ಮೂರಿನ ಏಲಂ ನಿಮಗೆ ಗೊತ್ತು. ಉತ್ಸವ ಮುಗಿದ ಮೇಲೆ ದೇವರ ಮುಂದಿನ ಕುಂಬಳಕಾಯಿ, ಬಾಳೆಗೊನೆ ಕೂಗುತ್ತಾರೆ. ಪೇಟೆಯಲ್ಲಿ ಸಿಗುವುದಕ್ಕಿಂತ ಹತ್ತು ಪಟ್ಟು ಕೊಟ್ಟು ತೆಗೆದುಕೊಂಡವನಿಗೆ ಮರ್ಯಾದೆ. ಇಲ್ಲಿನ ಏಲಂನಲ್ಲಿ ಕಡಿಮೆ ಕೊಟ್ಟು ಪಾರಾದವನೇ ಜಾಣ. ಹರಾಜಿನ ದಿನ ಕಂಪ್ಯೂಟರಿನ ಮುಂದೆ ಕೂತಿದ್ದೆವು. ಕೂಗುವವರಿಲ್ಲ, ಗಂಟೆಯಿಲ್ಲ. ಸುಧಾಕರ ಕನಿಷ್ಠ ಬೆಲೆಯ ಮೇಲೆ ಒಂದೇ ಒಂದು ಮೆಟ್ಟಿಲು ಏರಿಸಿದರು. ಬೇರೆ ಯಾರೂ ಏರಿಸಲಿಲ್ಲ. ಹೊತ್ತು ಮುಗಿಯಿತು, ಮನೆ ನಮ್ಮದಾಯಿತು. “ಯಾಕೆ ಯಾರೂ ಕೂಗ್ಲಿಲ್ಲ?” ಎಂದು ಸುಧಾಕರ ನನ್ನನ್ನೇ ಕೇಳಿದರು. ಊರಿನಲ್ಲಿ ಯಾರೂ ಕೂಗದ ಕುಂಬಳಕಾಯಿ ಎಂದರೆ ಒಳಗೆ ಕೊಳೆತಿದೆ ಎಂದೇ ಲೆಕ್ಕ. ಸಂತೋಷಪಡಬೇಕಾದ ಹೊತ್ತಿನಲ್ಲಿ ನಾವು ಹೆದರಿ ಕೂತಿದ್ದೆವು.

ವಿಜಯಕ್ಕನ ಮನೆಯವರು ಕೋರ್ಟು ಪೊಲೀಸು ಎಂದು ಎಳೆದಾಡಲಿಲ್ಲ. ಬೇಸಗೆ ಮುಗಿಯುವ ಮೊದಲೇ ಖಾಲಿ ಮಾಡಿ ಬ್ಯಾಂಕಿಗೆ ಕೀಲಿಕೈ ಕೊಟ್ಟರು. ನಾವು ಬಾಗಿಲು ತೆರೆದಾಗ ಒಳಗೆ ಬಲ್ಬುಗಳೂ ಇರಲಿಲ್ಲ, ಪರದೆಯ ಕೊಕ್ಕೆಗಳೂ ಇರಲಿಲ್ಲ. ನೆಲವನ್ನು ಮಾತ್ರ ಒರೆಸಿ ಹೋಗಿದ್ದರು. ಬಾಗಿಲ ಮೇಲಿನ ತೆನೆ ಹಾಗೆಯೇ ಇತ್ತು. ಹೊಸ ಪೈರು ಬರುವ ಮೊದಲು ಬಿಚ್ಚಬಾರದಲ್ಲ, ಅದಕ್ಕೆ ಬಿಟ್ಟು ಹೋಗಿರಬೇಕು. ಅವರು ಎಲ್ಲಿಗೆ ಹೋದರೆಂದು ವಾಸಣ್ಣನನ್ನು ಕೇಳಿದೆ. ಡೊಂಬಿವಲಿ ಕಡೆ ಬಾಡಿಗೆಗೆ ಎಂದರು.

ಕಪಾಟು ತೆಗೆದ ಆ ಗೋಡೆಯನ್ನು ನೋಡಿದೆವು. ಬಣ್ಣ ಮಾಸಿತ್ತು, ಕಲೆ ಇತ್ತು. ಅದು ನೀರಿನ ಕಲೆಯೋ ಕಪಾಟಿನ ಹಿಂದಿನ ಧೂಳೋ ಎಂದು ಗೊತ್ತಾಗಲಿಲ್ಲ. ರಿಪೇರಿಯವನನ್ನು ಕರೆದರೆ ಅವನೂ ಕೈಯಾಡಿಸಿ, ಮಳೆ ಬೀಳಲಿ, ಎಲ್ಲಿಂದ ಬರುತ್ತದೆಂದು ನೋಡಿ ಮಾಡೋಣ ಎಂದ.

ಮಳೆ ಬಿತ್ತು. ಕಾಮೋಠೆಯ ಮಳೆ ನಮ್ಮ ಕಡೆಯ ಮಳೆಗೆ ಏನೂ ಕಡಿಮೆಯಿಲ್ಲ. ನಾನು ಗೋಡೆಯ ಬುಡಕ್ಕೆ ಹಳೆಯ ಟವೆಲ್ ಹಾಸಿ, ಬಕೆಟ್ ಇಟ್ಟು ಕೂತೆ. ಸಂಜೆ ಹೊತ್ತಿಗೆ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದೆ. ಒಣಗಿತ್ತು. ಮೊದಲ ಮಳೆಗೆ ಇಳಿಯಲಿಕ್ಕಿಲ್ಲ ಎಂದುಕೊಂಡೆ. ರೈಲು ನಿಲ್ಲುವಂಥ ಮಳೆ ಬಂತು, ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಗೋಡೆ ಒಣಗಿಯೇ ಇತ್ತು. ಮಳೆ ಜಡಿಯುವ ಆಟಿಯ ತಿಂಗಳಿಡೀ ನಾನು ಬಕೆಟ್ ತೆಗೆಯಲಿಲ್ಲ. ಯಾರಾದರೂ ತಮ್ಮ ಸ್ವಂತ ಮನೆ ಸೋರಲಿ ಎಂದು ಹರಕೆ ಹೊರುವುದುಂಟೇ? ನಾನು ಹೊತ್ತೆ. ಒಂದು ಹನಿ ಬಿದ್ದರೆ ಸಾಕಿತ್ತು, ವಿಜಯಕ್ಕ ನಮಗೆ ಸುಳ್ಳು ಹೇಳಲಿಲ್ಲ ಎಂದು ಸಮಾಧಾನವಾಗುತ್ತಿತ್ತು. ಹನಿ ಬೀಳಲಿಲ್ಲ. ಅಡುಗೆಮನೆಯಲ್ಲಿ ಸಂಜೆಯ ಗಾಳಿ ಮಾತ್ರ ಅವರು ಹೇಳಿದಂತೆಯೇ ಬರುತ್ತಿತ್ತು.

ಸೊಸೈಟಿಯ ಬಾಕಿ ಕಟ್ಟಲು ಹೋದಾಗ ಕಾರ್ಯದರ್ಶಿ ನಗುತ್ತ ಹೇಳಿದ, ಮನೆ ನೋಡಲು ಇನ್ನೂ ಕೆಲವರು ಬಂದಿದ್ದರಂತೆ. ವಿಜಯಕ್ಕ ಎಲ್ಲರಿಗೂ ಗೋಡೆ ಸೋರುತ್ತದೆ ಎಂದೇ ಹೇಳಿದ್ದರಂತೆ. ಎಲ್ಲರೂ ಓಡಿದರಂತೆ. ಹರಾಜಿನ ದಿನ ಯಾರೂ ಕೂಗದ ಕಾರಣ ನನಗೆ ಆಗ ಹೊಳೆಯಿತು. ವಾಸಣ್ಣನಿಗೆ ಹೇಳಿದರೆ ಅವರಿಗೆ ಖುಷಿಯೋ ಖುಷಿ. “ಲಾಟರಿ ಅಕ್ಕ ನಿಮಗೆ. ಅವ್ರಿಗೇ ಪಾಪ ಪೆಟ್ಟು. ಮನೆ ಕಡಿಮೆಗೆ ಹೋದಷ್ಟೂ ಸಾಲ ಅವ್ರ ತಲೆ ಮೇಲೆ ಉಳೀತದೆ,” ಎಂದರು.

ಮನೆ ಉಳಿಸಿಕೊಳ್ಳಲು ಅವರು ಹೇಳಿದ ಸುಳ್ಳು ಮನೆಯನ್ನು ನಮಗೆ ಅಗ್ಗ ಮಾಡಿಕೊಟ್ಟಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬೆಲ್ಲ ಕೊಟ್ಟು ಸುಳ್ಳು ಹೇಳಿದರಲ್ಲ ಎಂದು. ಸಿಟ್ಟು ಬರಲಿಲ್ಲ. ನಾವು ಬೆಲ್ಲ ತಿಂದು ಕೇಳಲು ಹೋಗಿದ್ದಾದರೂ ಏನನ್ನು? ಕುಠೇ ಉತರಣಾರ್ ಎಂದೇ ಅಲ್ಲವೇ. ಎದ್ದು ಹೋಗುವವರಿಗೆ ಸೀಟು ಒದ್ದೆಯಿದೆ ಎಂದು ಹೇಳುವ ಹಕ್ಕೂ ಇಲ್ಲವೇ? ಊರಿನಿಂದ ಫೋನು ಮಾಡಿದವರೆಲ್ಲ ಮನೆ ಒಳ್ಳೆಯ ಬೆಲೆಗೆ ಸಿಕ್ಕಿತಂತೆ ಎನ್ನುತ್ತಾರೆ. ಹೌದು ಎನ್ನುತ್ತೇನೆ. ಗೋಡೆ ಗಟ್ಟಿ, ರೈಲು ಹತ್ತಿರ, ಗಾಳಿ ಬರುತ್ತದೆ, ಪೇಟೆಗಿಂತ ಅಗ್ಗ. ಯಾವ ಲೆಕ್ಕದಲ್ಲಿ ನೋಡಿದರೂ ಒಳ್ಳೆಯ ವ್ಯಾಪಾರ. ಆದರೂ ಕೇಳಿದವರಿಗೆ ಹೌದು ಎಂದ ಕೂಡಲೇ ಮಾತು ಬದಲಿಸುತ್ತೇನೆ. ಯಾಕೆಂದು ನನಗೆ ಇನ್ನೂ ತಿಳಿದಿಲ್ಲ.

ಮಳೆ ಹಿಂದೆ ಸರಿದ ಮೇಲೆ ಅಣ್ಣ ಎಂದಿನಂತೆ ಬಸ್ಸಿನಲ್ಲಿ ತೆನೆ ಕಳಿಸಿದ. ಈ ಸಲ ಸ್ವಂತ ಬಾಗಿಲು ಎಂದು ಎಲೆ, ನಾರು ಎಲ್ಲ ಹೆಚ್ಚೇ ಇಟ್ಟಿದ್ದ. ನಾನು ಸ್ನಾನ ಮಾಡಿ, ದೀಪ ಹಚ್ಚಿ, ಕುರ್ಚಿ ಹಾಕಿಕೊಂಡು ಬಾಗಿಲ ಬಳಿ ನಿಂತೆ. ಮೊದಲು ಹಳೆಯದನ್ನು ಬಿಚ್ಚಬೇಕು, ಆಮೇಲೆ ಹೊಸತು ಕಟ್ಟಬೇಕು. ವಿಜಯಕ್ಕ ಬಿಗಿದ ಗಂಟು ಬಿಗಿಯಾಗಿಯೇ ಇತ್ತು. ಕೈ ಮೇಲೆತ್ತಿದೆ. ಹೊಸ ಪೈರು ಬಂದಾಯಿತು, ಶಾಸ್ತ್ರಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅದನ್ನು ಬಿಚ್ಚಬೇಕಾದವರು ಕಟ್ಟಿದವರೇ ಅಲ್ಲವೇ ಎಂದು ಒಂದು ಯೋಚನೆ ಬಂದದ್ದೇ ತಡ, ಕೈ ಮುಂದೆ ಹೋಗಲಿಲ್ಲ. ಡೊಂಬಿವಲಿಯಲ್ಲಿ ಈ ದಿನ ಅವರು ಎಲ್ಲಿಗೆ ಕಟ್ಟಿರುತ್ತಾರೆ?

“ಕಾಯ್ ಝಾಲಂ ಮಮ್ಮಾ?” ಎಂದಳು ಅನಘಾ, ಕುರ್ಚಿ ಹಿಡಿದುಕೊಂಡು ನಿಂತವಳು. ಏನಾಯಿತು ಎಂದು ಕೇಳಿದ್ದು.

ಏನೂ ಇಲ್ಲ ಎಂದು ಇಳಿದೆ. ಒಳಗೆ ಹೋಗಿ, ನಮ್ಮ ತೆನೆಯನ್ನು ಫ್ರಿಜ್ಜಿನ ಹಿಡಿಕೆಗೆ ಕಟ್ಟಿದೆ.